ವಿಮಾನದ ಬುಡದಲ್ಲಿರುವ ಫಲಕ

ಎತ್ತಿನ ಗಾಡಿಯ ಮೇಲೆ ಕುಳಿತ ಉಪಗ್ರಹದ ಹಳೆಯ ಚಿತ್ರವನ್ನು ನೋಡದವರು ಕಡಿಮೆ. ಅದು ‘ಆ್ಯಪಲ್’, ಭಾರತದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ. 1981ರ ಜೂನ್‌ನಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟು ಅದನ್ನು ಕಕ್ಷೆಗೆ ಹೊತ್ತೊಯ್ದಿತು. ಈ ಚಿತ್ರ ಕಂಡ ಕೆಲವರು ‘ಪಾಪ, ಉಪಗ್ರಹ ಸಾಗಿಸಲು ಒಂದು ಲಾರಿಗೂ ಗತಿಯಿಲ್ಲದ ಕಾಲ’ ಎಂದು ಮರುಗುತ್ತಾರೆ. ಇನ್ನು ಕೆಲವರು ಎತ್ತಿನ ಗಾಡಿಯಿಂದ ಚಂದ್ರನವರೆಗೆ ಬಂದೆವು ನೋಡಿ ಎಂದು ಬೀಗುತ್ತಾರೆ. ಎರಡು ಗುಂಪಿನವರೂ ಗಾಡಿಯನ್ನು ಬಡತನದ ಗುರುತೆಂದೇ ಓದಿದ್ದಾರೆ. ಅಸಲು ಕಾರಣ ಬೇರೆ. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಿತ್ತು. ಅಡಿಯಲ್ಲಿ ಲೋಹದ ವಾಹನವಿದ್ದರೆ ರೇಡಿಯೊ ಅಲೆಗಳ ಅಳತೆ ಕೆಡುತ್ತದೆ. ಲೋಹ ಹೆಚ್ಚಿಲ್ಲದ, ಗಾಲಿಯಿರುವ, ಕೈಗೆ ಸಿಗುವ ವಸ್ತುವೆಂದರೆ ಮರದ ಗಾಡಿ. ಅಲ್ಲಿ ಕೆಲಸ ಮಾಡಿದ್ದು ಭೌತಶಾಸ್ತ್ರದ ಜಾಣತನ. ಈ ಒಂದು ಸಾಲನ್ನು ಚಿತ್ರದ ಕೆಳಗೆ ಬರೆದರೆ ಮರುಕವೂ ಇಳಿಯುತ್ತದೆ, ಬೀಗುವಿಕೆಯೂ ಇಳಿಯುತ್ತದೆ. ಚಿತ್ರ ಮಾತ್ರ ಮೊದಲಿಗಿಂತ ರುಚಿಕಟ್ಟಾಗುತ್ತದೆ.

ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂಗಳಿಗೆ ಹೋಗುವವರು ನೆನಪಿಡಬೇಕಾದ ಮಾತೂ ಇದೇ. ಇಂಥ ಕಡೆ ನಮ್ಮ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಸೂರಿನಿಂದ ವಿಮಾನಗಳು ತೂಗಿರುತ್ತವೆ, ರಾಕೆಟ್ಟುಗಳು ಕಂಬದಂತೆ ನಿಂತಿರುತ್ತವೆ, ಜನ ಬಾಯಿ ತೆರೆದು ನೋಡಿ, ಫೋಟೊ ತೆಗೆದು, ಮುಂದಿನದಕ್ಕೆ ನಡೆಯುತ್ತಾರೆ. ಮೊಣಕಾಲಿನ ಎತ್ತರದಲ್ಲಿರುವ ಫಲಕದತ್ತ ಕಣ್ಣು ಬೀಳುವುದು ಅಪರೂಪ. ಆದರೆ ಮ್ಯೂಸಿಯಂ ನಮಗೆ ಹೇಳುವುದೆಲ್ಲ ಇರುವುದು ಆ ಫಲಕದಲ್ಲಿ. ಹೇಳದೆ ಬಿಡುವುದೂ ಅಲ್ಲಿಯೇ ಗೊತ್ತಾಗುತ್ತದೆ. ಯಾರು ಮೊದಲಿಗರು, ಯಾವುದು ಗೆಲುವು, ಯಾರ ಸಾವು ಲೆಕ್ಕಕ್ಕೆ ಬರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಹತ್ತಿಪ್ಪತ್ತು ಸಾಲುಗಳೇ. ಇದಕ್ಕೆ ಒಳ್ಳೆಯ ಸಾಕ್ಷಿ ಬೇಕೆಂದರೆ ಜಗತ್ತಿನಲ್ಲೇ ಅತಿ ಹೆಸರಾದ ಇಂಥ ಮ್ಯೂಸಿಯಂ ಅನ್ನು, ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂ ಅನ್ನು ನೋಡಬೇಕು. ಅದರ ಈಗಿನ ಕಟ್ಟಡ ಬಾಗಿಲು ತೆರೆದದ್ದು 1976ರ ಜುಲೈ 1ರಂದು. ಪ್ರವೇಶ ಉಚಿತ. ಅಪೊಲೊ 11ರ ಗಗನಯಾತ್ರಿಗಳನ್ನು ಭೂಮಿಗೆ ಮರಳಿಸಿದ ‘ಕೊಲಂಬಿಯಾ’ ಕೋಶ ಅಲ್ಲಿದೆ. ರೈಟ್ ಸಹೋದರರ 1903ರ ವಿಮಾನವೂ ಅಲ್ಲಿದೆ. ಆ ವಿಮಾನ ಅಲ್ಲಿಗೆ ಬಂದ ಕಥೆ ಒಂದು ಫಲಕದ ಜಗಳದ ಕಥೆ.

ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಯಾಮುಯೆಲ್ ಲ್ಯಾಂಗ್ಲಿ ದೊಡ್ಡ ವಿಜ್ಞಾನಿ. ಮನುಷ್ಯನನ್ನು ಹೊತ್ತು ಹಾರುವ ಯಂತ್ರ ಕಟ್ಟಲು ಅಮೆರಿಕದ ಯುದ್ಧ ಇಲಾಖೆ ಅವರಿಗೆ 50,000 ಡಾಲರ್ ಕೊಟ್ಟಿತ್ತು. ಅವರ ‘ಏರೋಡ್ರೋಮ್’ 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಇನ್ನೊಮ್ಮೆ ಪೊಟೊಮ್ಯಾಕ್ ನದಿಗೆ ಬಿತ್ತು. ಎರಡನೆಯ ಸಲ ಬಿದ್ದು 9 ದಿನವಾಗಿತ್ತು. ಸೈಕಲ್ ಅಂಗಡಿಯ ಒಡೆಯರಾದ ಆರ್ವಿಲ್ ಮತ್ತು ವಿಲ್ಬರ್ ರೈಟ್ ಕಿಟಿ ಹಾಕ್ ಬಳಿಯ ಮರಳ ದಿಬ್ಬದಲ್ಲಿ ತಮ್ಮ ಸ್ವಂತ ದುಡ್ಡಿನ ಯಂತ್ರವನ್ನು ಹಾರಿಸಿದರು. ಆ ದಿನ ನಾಲ್ಕು ಹಾರಾಟ ನಡೆದವು. ಮೊದಲನೆಯದು 12 ಸೆಕೆಂಡು, 120 ಅಡಿ. ಕೊನೆಯದು 59 ಸೆಕೆಂಡು, 852 ಅಡಿ. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ 1914ರಲ್ಲಿ, ಲ್ಯಾಂಗ್ಲಿ ತೀರಿಹೋಗಿ ಎಂಟು ವರ್ಷದ ಮೇಲೆ, ಸ್ಮಿತ್ಸೋನಿಯನ್ ಅವರ ಯಂತ್ರವನ್ನು ಗ್ಲೆನ್ ಕರ್ಟಿಸ್ ಎಂಬ ವಿಮಾನ ತಯಾರಕನ ಕೈಗೆ ಕೊಟ್ಟಿತು. ಅದೇ ಹೊತ್ತಿಗೆ ಕರ್ಟಿಸ್ ರೈಟ್ ಸಹೋದರರ ವಿರುದ್ಧ ಪೇಟೆಂಟ್ ವ್ಯಾಜ್ಯದಲ್ಲಿದ್ದ. ಯಂತ್ರಕ್ಕೆ ಹಲವು ಮಾರ್ಪಾಟು ಮಾಡಿ ಅವನು ನೀರಿನ ಮೇಲಿಂದ ಅದನ್ನು ಸ್ವಲ್ಪ ಎಗರಿಸಿದ. ಸಂಸ್ಥೆ ಆ ಮಾರ್ಪಾಟುಗಳ ಮಾತೆತ್ತದೆ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಇದೇ ಎಂಬ ಅರ್ಥದ ಫಲಕದೊಂದಿಗೆ ಅದನ್ನು ಪ್ರದರ್ಶನಕ್ಕಿಟ್ಟಿತು. ರೊಚ್ಚಿಗೆದ್ದ ಆರ್ವಿಲ್ 1928ರಲ್ಲಿ ತಮ್ಮ ವಿಮಾನವನ್ನು ಸಮುದ್ರ ದಾಟಿಸಿ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಎರವಲು ಕೊಟ್ಟುಬಿಟ್ಟರು. ಅಮೆರಿಕದ ಹೆಮ್ಮೆಯ ಯಂತ್ರ ಇಪ್ಪತ್ತು ವರ್ಷ ಪರದೇಶದಲ್ಲಿತ್ತು. ಸಂಸ್ಥೆ ತಪ್ಪೊಪ್ಪಿಕೊಂಡು ಬರೆದದ್ದು 1942ರಲ್ಲಿ. ವಿಮಾನ ಊರಿಗೆ ಮರಳಿ ಪ್ರದರ್ಶನ ಕಂಡದ್ದು 1948ರ ಡಿಸೆಂಬರ್ 17ರಂದು. ಅದನ್ನು ನೋಡಲು ಆರ್ವಿಲ್ ಬದುಕಿರಲಿಲ್ಲ.

ಇಲ್ಲಿ ಇನ್ನೂ ಒಂದು ತಿರುವಿದೆ. ವಿಮಾನ ಒಪ್ಪಿಸುವಾಗ ರೈಟ್ ಕುಟುಂಬದವರು ಒಂದು ಕರಾರು ಬರೆಸಿಕೊಂಡರು. ಅದಕ್ಕಿಂತ ಮೊದಲು ಬೇರಾವುದೋ ಯಂತ್ರ ಮನುಷ್ಯನನ್ನು ಹೊತ್ತು ಹಾರಬಲ್ಲದಾಗಿತ್ತು ಎಂದು ಸ್ಮಿತ್ಸೋನಿಯನ್ ಎಲ್ಲಾದರೂ ಹೇಳಿದರೆ ವಿಮಾನ ಕೈತಪ್ಪಿಹೋಗುತ್ತದೆ. ಹಾಗಾದರೆ ಇಂದಿನ ಫಲಕವೂ ಕಟ್ಟಿಹಾಕಿದ ಬಾಯಿಯ ಮಾತಲ್ಲವೇ, ಅದನ್ನು ನಂಬುವುದು ಹೇಗೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಂಬಿಕೆಗೆ ಆಧಾರ ಕರಾರೂ ಅಲ್ಲ, ಸಂಸ್ಥೆಯ ಹೆಸರೂ ಅಲ್ಲ. ಮೊದಲ ಹಾರಾಟದ ಕ್ಷಣದ ಛಾಯಾಚಿತ್ರವಿದೆ, ನೋಡಿದ ಸಾಕ್ಷಿಗಳಿದ್ದಾರೆ, ಸಹೋದರರು ಬರೆದಿಟ್ಟ ದಿನಚರಿಯಿದೆ, ಮುಂದಿನ ವರ್ಷಗಳಲ್ಲಿ ಜನರ ಮುಂದೆ ನಡೆದ ಹಾರಾಟಗಳಿವೆ. ಹೆಸರಿಗೆ ಬೆಲೆ ಕೊಡುವುದಾದರೆ ಸ್ಮಿತ್ಸೋನಿಯನ್ನಿನ ಮೊದಲ ಸುಳ್ಳು ಫಲಕವನ್ನೂ ಒಪ್ಪಬೇಕಾಗುತ್ತಿತ್ತು. ಸಾಕ್ಷ್ಯಕ್ಕೆ ಬೆಲೆ ಕೊಟ್ಟದ್ದರಿಂದ ಅದು ಬಿದ್ದುಹೋಯಿತು. ಈ ನ್ಯಾಯ ನಮಗೂ ಅಪರಿಚಿತವಲ್ಲ. ಪುರಾತನ ಕಾಲದ ವಿಮಾನವಿದ್ಯೆ ಎಂದು ಹೆಸರಾದ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸಿದವರು ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಆ ಗ್ರಂಥವನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಅದರ ಭಾಷೆ ಇಪ್ಪತ್ತನೆಯ ಶತಮಾನದ್ದು, ಅದರಲ್ಲಿ ಬಣ್ಣಿಸಿದ ಯಂತ್ರಗಳು ಹಾರಲಾರವು ಎಂದು ತೋರಿಸಿದರು. ಲ್ಯಾಂಗ್ಲಿಗೆ ಒಂದು ನ್ಯಾಯ, ನಮ್ಮ ಗ್ರಂಥಕ್ಕೆ ಇನ್ನೊಂದು ನ್ಯಾಯ ಎಂದರೆ ಅದು ಅಭಿಮಾನ ಹೌದು, ಇತಿಹಾಸವಲ್ಲ.

ಸುಳ್ಳು ಹೇಳುವ ಫಲಕವನ್ನು ಇಂದಲ್ಲ ನಾಳೆ ಹಿಡಿಯಬಹುದು. ಹಿಡಿಯಲು ಕಷ್ಟವಾದದ್ದು ನಿಜವನ್ನೇ ಹೇಳಿ ಅರ್ಧಕ್ಕೆ ನಿಲ್ಲುವ ಫಲಕ. ಇಂಥ ಮ್ಯೂಸಿಯಂಗಳು ಸಾಮಾನ್ಯವಾಗಿ ಒಂದು ಏಣಿಯ ಕಥೆ ಹೇಳುತ್ತವೆ: 1903ರಲ್ಲಿ ನೆಲ ಬಿಟ್ಟ ಮನುಷ್ಯ 66 ವರ್ಷಕ್ಕೆ ಚಂದ್ರನ ಮೇಲೆ ಕಾಲಿಟ್ಟ. ರೈಟ್ ವಿಮಾನದ ಮರ ಮತ್ತು ಬಟ್ಟೆಯ ಚೂರುಗಳನ್ನು ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಒಯ್ದದ್ದೂ ನಿಜ. ಆದರೆ ಈ ಏಣಿಗೆ ಕತ್ತಲಲ್ಲಿ ಮುಳುಗಿದ ಒಂದು ಮೆಟ್ಟಿಲಿದೆ, ಜರ್ಮನಿಯ ವಿ-2 ಕ್ಷಿಪಣಿ. ಅದನ್ನು ರೂಪಿಸಿದ ತಂಡದ ಮುಂದಾಳು ವರ್ನರ್ ಫಾನ್ ಬ್ರೌನ್. ಚಂದ್ರಯಾನಕ್ಕೆ ಸ್ಯಾಟರ್ನ್ 5 ರಾಕೆಟ್ಟು ಕಟ್ಟಿದ ತಂಡದ ಮುಂದಾಳೂ ಅವರೇ. ಬೆಟ್ಟದೊಳಗಿನ ಸುರಂಗ ಕಾರ್ಖಾನೆಯಲ್ಲಿ ವಿ-2 ಜೋಡಿಸಲು ನಾಜಿಗಳು ದುಡಿಸಿದ್ದು ಕೈದಿಗಳನ್ನು. ಮಿಟೆಲ್‌ಬೌ-ಡೋರಾ ಎಂಬ ಆ ಶಿಬಿರ ಸಮೂಹದ ಮೂಲಕ ಸುಮಾರು 60,000 ಕೈದಿಗಳು ಹಾದುಹೋದರು, ಅವರಲ್ಲಿ ಸುಮಾರು 20,000 ಮಂದಿ ಸತ್ತರು. ಆ ಕ್ಷಿಪಣಿ ಬಿದ್ದು ಸತ್ತವರಿಗಿಂತ ಅದನ್ನು ಮಾಡುವ ಜಾಗದಲ್ಲಿ ಸತ್ತವರೇ ಹೆಚ್ಚು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ವಾಷಿಂಗ್ಟನ್ ಮ್ಯೂಸಿಯಂನಲ್ಲಿ ವಿ-2 ಮೊದಲಿಂದಲೂ ನಿಂತಿತ್ತು. ಕೈದಿಗಳ ಕಥೆ ಅದರ ಪಕ್ಕಕ್ಕೆ ಬಂದದ್ದು ಮಾತ್ರ 1990ರ ಹೊತ್ತಿಗೆ. ಅಷ್ಟು ವರ್ಷ ಅದೇ ಕಬ್ಬಿಣ, ಅದೇ ಬಣ್ಣ. ಅದರ ಮುಂದೆ ನಿಂತವರಿಗೆ ಅದು ತಂತ್ರಜ್ಞಾನದ ಒಂದು ಮೈಲುಗಲ್ಲು, ಅಷ್ಟೇ.

ಮುಂದಿನ ಕದನ ಇನ್ನೂ ದೊಡ್ಡದು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ‘ಎನೋಲಾ ಗೇ’ ಎಂಬ ಬಿ-29 ವಿಮಾನ ಇದೇ ಮ್ಯೂಸಿಯಂನ ಸ್ವತ್ತು. ಐವತ್ತನೆಯ ವರ್ಷಕ್ಕೆ ಅದರ ಸುತ್ತ ಒಂದು ಪ್ರದರ್ಶನ ಯೋಜಿಸಲಾಯಿತು. ವಿಮಾನದ ಜೊತೆಗೆ, ಬಾಂಬ್ ಬೇಕಿತ್ತೇ ಎಂಬ ಇತಿಹಾಸಕಾರರ ಚರ್ಚೆ, ಸತ್ತವರ ಚಿತ್ರ, ಶಾಲಾ ಮಗುವೊಂದರ ಕರಕಲಾದ ಬುತ್ತಿ ಡಬ್ಬಿ, ಎಲ್ಲವೂ ಅದರಲ್ಲಿ ಇರಬೇಕಿತ್ತು. ಮಾಜಿ ಸೈನಿಕರ ಸಂಘಟನೆಗಳು ಕೆರಳಿದವು. ಸೆನೆಟ್ ಖಂಡನಾ ನಿರ್ಣಯ ಮಾಡಿತು. ಬರಹವನ್ನು ಮತ್ತೆ ಮತ್ತೆ ತಿದ್ದಿದರೂ ಜಗಳ ತಣ್ಣಗಾಗಲಿಲ್ಲ. 1995ರ ಜನವರಿಯಲ್ಲಿ ಪ್ರದರ್ಶನ ರದ್ದಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. 2003ರಲ್ಲಿ ವರ್ಜೀನಿಯಾದ ಉದ್ವಾರ್-ಹೇಜಿ ಕೇಂದ್ರ ತೆರೆದಾಗ ಇಡೀ ವಿಮಾನ ಹೊಳಪು ಕೊಡಿಸಿಕೊಂಡು ಅಲ್ಲಿ ನಿಂತಿತು. ಅದರ ಫಲಕದಲ್ಲಿ ರೆಕ್ಕೆಯ ಅಳತೆಯಿತ್ತು, ಆ ಕಾಲಕ್ಕೆ ಅದು ಎಷ್ಟು ಮುಂದುವರಿದ ವಿಮಾನ ಎಂಬ ಮಾತಿತ್ತು, ಬಾಂಬ್ ಹಾಕಿತೆಂಬ ಮಾಹಿತಿಯೂ ಇತ್ತು. ಸತ್ತವರ ಸಂಖ್ಯೆ ಇರಲಿಲ್ಲ. 1945 ಮುಗಿಯುವ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಎಂಬುದು ಆ ನಗರದ ಅಂದಾಜು.

ಸೈನಿಕರ ಸಿಟ್ಟನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜಪಾನಿನ ಮೇಲೆ ದಂಡೆತ್ತಿ ಹೋಗುವ ಹಡಗಿಗೆ ಕಾದು ನಿಂತಿದ್ದ ಹುಡುಗರಿಗೆ ಆ ವಿಮಾನ ಜೀವದಾನದಂತೆ ಕಂಡಿತ್ತು. ಏಷ್ಯಾದಲ್ಲಿ ಜಪಾನ್ ಸೇನೆ ನಡೆಸಿದ ಕ್ರೌರ್ಯಕ್ಕೆ ಮೊದಲ ಕರಡಿನಲ್ಲಿ ತಕ್ಕ ಜಾಗ ಸಿಕ್ಕಿಲ್ಲ ಎಂಬ ಅವರ ದೂರಿನಲ್ಲಿ ಹುರುಳಿತ್ತು. ಆದರೆ ಆ ದೂರಿಗೆ ಪರಿಹಾರ ಫಲಕಕ್ಕೆ ಇನ್ನಷ್ಟು ಸೇರಿಸುವುದು. ಆದದ್ದು ಇದ್ದುದನ್ನೂ ಅಳಿಸಿಹಾಕುವ ಕೆಲಸ. ಸೈನಿಕರ ಕಥೆ, ಬುತ್ತಿ ಡಬ್ಬಿಯ ಕಥೆ ಎರಡನ್ನೂ ಒಂದೇ ಛಾವಣಿಯಡಿ ಇಟ್ಟು ನೋಡುಗರನ್ನು ನಡುವೆ ನಿಲ್ಲಿಸಿದ್ದರೆ ಸೈನಿಕರಿಗೇನೂ ಅವಮಾನವಾಗುತ್ತಿರಲಿಲ್ಲ. ಬರೀ ಅಳತೆ, ವೇಗ, ತೂಕ ಬರೆದು ಕೈತೊಳೆದುಕೊಳ್ಳುವುದನ್ನು ಕೆಲವರು ತಟಸ್ಥ ನಿಲುವು ಎನ್ನುತ್ತಾರೆ. ಕೊಂದ ಯಂತ್ರದ ಮುಂದೆ ನಿಂತು ಅದರ ರೆಕ್ಕೆಯ ಉದ್ದವನ್ನಷ್ಟೇ ಹೇಳುವವನು ತಟಸ್ಥನಲ್ಲ, ಮಾತು ಮರೆಸುವವನು.

ಮ್ಯೂಸಿಯಂಗೆ ಹೆಚ್ಚಾಗಿ ಬರುವವರು ಮಕ್ಕಳು, ಅವರಿಗೆ ಬೇಕಾದದ್ದು ಬೆರಗು, ಸಾವು ಸೋಲುಗಳ ಪಾಠ ಯಾಕೆ ಎಂಬ ಆಕ್ಷೇಪ ಇನ್ನೊಂದು. ಬೆರಗು ಬೇಕೇ ಬೇಕು. ಆದರೆ ಬೆರಗು ಹುಟ್ಟುವುದು ಎಲ್ಲಿಂದ? ರೈಟ್ ಸಹೋದರರು ಮಹಾ ಪ್ರತಿಭಾವಂತರು, ಒಂದು ದಿನ ಹಾರಿಬಿಟ್ಟರು ಎಂದರೆ ಮಗು ‘ಹೌದಾ’ ಎಂದು ಮುಂದೆ ಹೋಗುತ್ತದೆ. 1901ರಲ್ಲಿ ಅವರ ಗ್ಲೈಡರ್ ಲೆಕ್ಕ ಹಾಕಿದಷ್ಟು ಮೇಲೇಳಲಿಲ್ಲ. ಆಗ ಅವರು ಹಿರಿಯರು ಕೊಟ್ಟ ಲೆಕ್ಕದ ಪಟ್ಟಿಗಳನ್ನೇ ಅನುಮಾನಿಸಿದರು. ಮರದ ಪೆಟ್ಟಿಗೆಗೆ ಫ್ಯಾನ್ ಜೋಡಿಸಿ ಗಾಳಿಸುರಂಗ ಮಾಡಿಕೊಂಡು ಸುಮಾರು 200 ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸರಿಯಾದ ಇಂಜಿನ್ ಮಾರುವವರು ಸಿಗದಿದ್ದಾಗ ತಮ್ಮ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕೈಯಲ್ಲಿ ಸುಮಾರು 12 ಅಶ್ವಶಕ್ತಿಯದೊಂದನ್ನು ಮಾಡಿಸಿದರು ಎಂದು ಹೇಳಿ ನೋಡಿ. ಮಗುವಿಗೆ ಆ ಪೆಟ್ಟಿಗೆ ಕಣ್ಣಿಗೆ ಕಟ್ಟುತ್ತದೆ, ತಾನೂ ಒಂದು ಮಾಡಬಹುದಲ್ಲ ಎನಿಸುತ್ತದೆ. ಮೊದಲ ಹಾರಾಟದ 120 ಅಡಿ ಇಂದಿನ ಜಂಬೋ ಜೆಟ್ಟಿನ ರೆಕ್ಕೆಯ ಅಗಲಕ್ಕಿಂತ ಕಡಿಮೆ ಎಂದು ಗೊತ್ತಾದಾಗ ನಗು ಬರುತ್ತದೆ, ನಗುವಿನ ಹಿಂದೆಯೇ ಮರ್ಯಾದೆಯೂ ಹುಟ್ಟುತ್ತದೆ. ಹಿರೋಶಿಮಾದ ಕಥೆಯನ್ನು ಆರು ವರ್ಷದ ಮಗುವಿಗೂ ಹದಿನಾರರ ಹುಡುಗಿಗೂ ಒಂದೇ ರೀತಿ ಹೇಳಬೇಕಿಲ್ಲ. ವಯಸ್ಸಿಗೆ ತಕ್ಕಂತೆ ಹೇಳುವುದು ಒಂದು, ಯಾರಿಗೂ ಹೇಳದಿರುವುದು ಇನ್ನೊಂದು.

ಎಲ್ಲವೂ ಫಲಕದಲ್ಲೇ ಇದೆ ಎಂದಾದರೆ ಮ್ಯೂಸಿಯಂಗೆ ಹೋಗುವುದೇಕೆ, ಮೊಬೈಲಿನಲ್ಲೇ ಓದಬಹುದಲ್ಲ ಎಂಬ ಪ್ರಶ್ನೆ ನನ್ನ ವಾದಕ್ಕೇ ಕುತ್ತು ತರುವಂಥದ್ದು. ವಸ್ತುವೂ ಪೂರ್ತಿ ಮೂಕವಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. 2016ರಲ್ಲಿ ‘ಕೊಲಂಬಿಯಾ’ ಕೋಶದ ಒಳಭಾಗವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದಾಗ, ಸುಮಾರು ಅರ್ಧ ಶತಮಾನ ಯಾರ ಗಮನಕ್ಕೂ ಬಾರದಿದ್ದ ಕೈಬರಹ ಗೋಡೆಗಳ ಮೇಲೆ ಕಂಡಿತು. ಅಂಕಿಗಳು, ಟಿಪ್ಪಣಿಗಳು, ದಿನಗಳನ್ನು ಒಂದೊಂದಾಗಿ ಗೀಟು ಹಾಕಿ ಹೊಡೆದ ಒಂದು ಪುಟ್ಟ ಕ್ಯಾಲೆಂಡರ್. ಮನೆಗೆ ಮರಳುವ ದಿನ ಎಣಿಸಿದ ಮನುಷ್ಯನ ಗುರುತು ಅದು. ವಸ್ತು ಹಾಗೇ ಉಳಿದಿತ್ತು, ಅದಕ್ಕೇ ಸಿಕ್ಕಿತು. ಆದರೆ ಎಲ್ಲ ವಸ್ತುವಿಗೂ ಈ ಭಾಗ್ಯವಿಲ್ಲ. ರೈಟ್ ವಿಮಾನದ ಬಟ್ಟೆಯನ್ನು 1927ರಲ್ಲಿ ಒಮ್ಮೆ, 1985ರಲ್ಲಿ ಮತ್ತೊಮ್ಮೆ ಹೊಸದಾಗಿ ಹೊದಿಸಲಾಗಿದೆ. ಇಂದು ಅಲ್ಲಿ ನಿಂತು ಆ ರೆಕ್ಕೆ ನೋಡುವವರು ಕಿಟಿ ಹಾಕ್‌ನ ಗಾಳಿ ಕುಡಿದ ಬಟ್ಟೆಯನ್ನು ನೋಡುತ್ತಿಲ್ಲ. ಅದು ಗೊತ್ತಾಗುವುದು ಮತ್ತೆ ಬರಹದಿಂದಲೇ. ವಸ್ತುವಿಗೆ ಬರಹ ಬೇಕು, ಬರಹಕ್ಕೆ ವಸ್ತು ಬೇಕು. ಎರಡನ್ನೂ ಎದುರುಬದುರು ಇಟ್ಟು ಒಂದನ್ನು ಇನ್ನೊಂದರಿಂದ ಒರೆಗೆ ಹಚ್ಚಲು ಸಾಧ್ಯವಾಗುವುದು ಮ್ಯೂಸಿಯಂನಲ್ಲಿ ಮಾತ್ರ.

ಈ ಒರೆಗಲ್ಲನ್ನು ಬೆಂಗಳೂರಿಗೆ ತರೋಣ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಚ್‌ಎಎಲ್ ಸಂಸ್ಥೆಯ ಪರಂಪರೆ ಕೇಂದ್ರ ಮತ್ತು ವೈಮಾನಿಕ ಮ್ಯೂಸಿಯಂ ಇದೆ, 2001ರಲ್ಲಿ ತೆರೆದದ್ದು. ಅಲ್ಲಿನ ವಿಮಾನಗಳಲ್ಲಿ ಎಚ್‌ಎಫ್-24 ‘ಮರುತ್’ ಒಂದು. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ, 1961ರ ಜೂನ್ 17ರಂದು ಮೊದಲು ಹಾರಿತು, ಒಟ್ಟು 147 ತಯಾರಾದವು. ಇಷ್ಟು ಓದಿದರೆ ಎದೆ ಉಬ್ಬುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಹೆಸರಾಂತ ಯುದ್ಧವಿಮಾನ ರೂಪಿಸಿಕೊಟ್ಟ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಇಲ್ಲಿನ ಇಂಜಿನಿಯರುಗಳ ಜೊತೆ ಇದರ ವಿನ್ಯಾಸ ಮಾಡಿದರು ಎಂಬುದು ಕಥೆಯ ಎರಡನೆಯ ಪದರ. ಮೂರನೆಯ ಪದರದಲ್ಲಿ ನೋವಿದೆ. ಶಬ್ದದ ಎರಡು ಪಟ್ಟು ವೇಗದ ಕನಸಿನಲ್ಲಿ ಹುಟ್ಟಿದ ಈ ವಿಮಾನಕ್ಕೆ ಬ್ರಿಟನ್ನಿನ ಹೆಚ್ಚು ಬಲದ ಆರ್ಫಿಯಸ್ ಇಂಜಿನ್ ಬರಬೇಕಿತ್ತು. ಬ್ರಿಟನ್ ಅದನ್ನು ಕೈಬಿಟ್ಟಿತು. ಅದನ್ನು ಬೆಳೆಸುವ ಖರ್ಚು ಹೊರಲು ಭಾರತ ಒಪ್ಪಲಿಲ್ಲ. ಈಜಿಪ್ಟಿನ ಇಂಜಿನ್ನಿಗೆ ಜೋಡಿಸಿ ನೋಡುವ ಪ್ರಯತ್ನವೂ ಕೈಗೂಡಲಿಲ್ಲ. ಕಡೆಗೆ ಕಡಿಮೆ ಬಲದ ಎರಡು ಆರ್ಫಿಯಸ್‌ಗಳ ಮೇಲೇ ಮರುತ್ ಬದುಕಬೇಕಾಯಿತು. ಸಮತಟ್ಟಾದ ಹಾರಾಟದಲ್ಲಿ ಶಬ್ದದ ವೇಗವನ್ನು ಎಂದೂ ದಾಟಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ತನ್ನ ಕೆಲಸ ಮಾಡಿತು. ಅದರ ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್ 1970ರ ಜನವರಿಯಲ್ಲಿ ಮರುತ್‌ನದೇ ಹೆಚ್ಚು ಬಲದ ಮಾದರಿಯನ್ನು ಪರೀಕ್ಷಿಸುವಾಗ ಪ್ರಾಣ ಬಿಟ್ಟರು. ಮ್ಯೂಸಿಯಂಗೆ ಅಷ್ಟೇನೂ ದೂರವಿಲ್ಲದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಬೈಕುಗಳು ಓಡಾಡುತ್ತವೆ; ಆ ಹೆಸರು ಯಾರದೆಂದು ಬಲ್ಲ ಸವಾರರು ಎಷ್ಟು ಮಂದಿ ಇದ್ದಾರೋ.

ನಮ್ಮ ಸೋಲನ್ನು ನಾವೇ ಫಲಕ ಬರೆದು ತೋರಿಸಿಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ಮರುತ್‌ನ ಇಂಜಿನ್ ಕಥೆಯೇ ಉತ್ತರ. ವಿಮಾನದ ಮೈಯನ್ನು ಕಟ್ಟಬಲ್ಲ ದೇಶ ಇಂಜಿನ್ ಕಟ್ಟದಿದ್ದರೆ ಅದರ ಕನಸು ಬೇರೆಯವರ ಕೈಯಲ್ಲಿರುತ್ತದೆ ಎಂಬ ಪಾಠ 1960ರ ದಶಕದಲ್ಲೇ ಸಿಕ್ಕಿತ್ತು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಕೂಡ ಅಮೆರಿಕದ ಜಿ.ಇ. ಇಂಜಿನ್ನಿನ ಮೇಲೆ ಹಾರುತ್ತದೆ. ಅದಕ್ಕೆಂದೇ ಬೆಂಗಳೂರಿನಲ್ಲಿ ಬೆಳೆಸಿದ ಕಾವೇರಿ ಇಂಜಿನ್ ಅದರ ಹೊಟ್ಟೆ ಸೇರಲಿಲ್ಲ. ಇದು ಅವಮಾನದ ಕಥೆಯೇನಲ್ಲ. ಜೆಟ್ ಇಂಜಿನ್ನಿನ ಬಿಸಿಭಾಗದ ಅಲಗುಗಳು ತಮ್ಮದೇ ಲೋಹ ಕರಗುವ ಬಿಸಿಗಿಂತ ಹೆಚ್ಚು ಬಿಸಿಯ ಗಾಳಿಯಲ್ಲಿ ತಿರುಗಬೇಕು. ಅಲಗಿನೊಳಗೆ ಕೊರೆದ ಸಣ್ಣ ದಾರಿಗಳಲ್ಲಿ ತಂಪು ಗಾಳಿ ಹರಿಸಿ ಅವನ್ನು ಕಾಪಾಡಬೇಕು. ಆ ವಿದ್ಯೆ ಕೈವಶವಾಗಿರುವುದು ಬೆರಳೆಣಿಕೆಯ ದೇಶಗಳಿಗೆ. ಮರುತ್‌ನ ಮುಂದೆ ನಿಂತ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ‘ಯಾಕೆ ಹೀಗಾಯಿತು’ ಎಂದು ಕೇಳಿಕೊಂಡು, ಲೋಹವಿದ್ಯೆ ಓದಲು ಹೊರಟರೆ ಆ ಮ್ಯೂಸಿಯಂ ತನ್ನ ಕೆಲಸ ಮಾಡಿದಂತೆ. ಬರೀ ಎದೆಯುಬ್ಬಿಸಿಕೊಂಡು ಹೊರಬಂದವನಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ.

ಹಾಗಾದರೆ ನಮಗೆ ಹೆಮ್ಮೆಪಡುವ ಹಕ್ಕಿಲ್ಲವೇ? ಇದೆ, ಆಧಾರದ ಮೇಲೆ ನಿಂತ ಹೆಮ್ಮೆಗೆ ಯಾರ ತಕರಾರೂ ಇರಲಾರದು. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳು ಜಗತ್ತಿನ ಮೊದಲ ರಾಕೆಟ್ಟುಗಳಲ್ಲ. ಚೀನಾದಲ್ಲಿ ಅವು ಶತಮಾನಗಳ ಹಿಂದೆಯೇ ಇದ್ದವು. ಮೈಸೂರಿನ ಸಾಧನೆ ಅದಕ್ಕಿಂತ ಖಚಿತವಾದದ್ದು. ಮದ್ದನ್ನು ಕಾಗದ ಬಿದಿರುಗಳ ಬದಲು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒಳಗಿನ ಒತ್ತಡ ಏರಿತು, ರಾಕೆಟ್ಟು ಹೆಚ್ಚು ದೂರ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಲಂಡನ್ನಿನ ವೂಲಿಚ್ ತಲುಪಿದವು, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಅದರ ಬೆನ್ನಿಗೇ. ಇದು ಸಾಕ್ಷ್ಯವಿರುವ ಮಾತು, ಇದಕ್ಕೆ ಉಪ್ಪು ಖಾರ ಬೇಕಿಲ್ಲ.

ಆ ರಾಕೆಟ್ಟುಗಳದೇ ಒಂದು ದೊಡ್ಡ ರಾಶಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ, ಒಂದು ಪಾಳು ಬಾವಿಯಲ್ಲಿ ಮಲಗಿತ್ತು. 2002ರಲ್ಲಿ ಮೊದಲು ತುಕ್ಕು ಹಿಡಿದ ಒಂದಷ್ಟು ಕೊಳವೆಗಳು ಸಿಕ್ಕಾಗ ಅವನ್ನು ತೋಪಿನ ಗುಂಡುಗಳೆಂದೇ ತಿಳಿಯಲಾಗಿತ್ತು. ರಾಕೆಟ್ಟುಗಳೆಂದು ಗುರುತು ಹತ್ತಲು ವರ್ಷಗಳು ಹಿಡಿದವು. 2018ರಲ್ಲಿ ಅದೇ ಬಾವಿಯನ್ನು ಪುರಾತತ್ವ ಇಲಾಖೆ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಮೊದಲ ಸಲ ಸಿಕ್ಕ ಕೊಳವೆಗಳಿಗೆ ಈ ನಡುವೆ ಏನೂ ಆಗಿರಲಿಲ್ಲ. ಅದೇ ತುಕ್ಕು, ಅದೇ ಮಣ್ಣು, ಒಳಗೆ ಅದೇ ಮದ್ದು. ಅವುಗಳ ಮೇಲಿನ ಚೀಟಿಯಲ್ಲಿ ಒಂದು ಪದ ಬದಲಾಗಿತ್ತು, ಅಷ್ಟರಿಂದಲೇ ಒಂದು ಹಾಳು ಬಾವಿ ಜಗತ್ತಿನ ರಾಕೆಟ್ ಇತಿಹಾಸದಲ್ಲಿ ಜಾಗ ಪಡೆಯಿತು.